'ನಿಮ್ಮ ಹೆಸರು ಸರಿಯಿಲ್ಲ'

ಕಳೆದ ಮಾರ್ಚ್ ತಿಂಗಳ ಒಂದು ಭಾನುವಾರ, ಎರಡನೆಯ ಬಲಿಪೂಜೆ ಮುಗಿದು ಜನರೆಲ್ಲ ಮನೆಗೆ ತೆರಳಿದ ಮೇಲೆ, ನಮ್ಮ ಧರ್ಮಕೇಂದ್ರದ ಮೂವರು ಯುವಕರು ಲ್ಯಾಪ್‌ಟಾಪ್ ಒಂದನ್ನು ಹಿಡಿದುಕೊಂಡು ಗುರುನಿವಾಸಕ್ಕೆ ಬಂದರು. ಮೂವರೂ ಬಿ.ಸಿ.ಎ. ಅಂತಿಮ ವರ್ಷದ ವಿದ್ಯಾರ್ಥಿಗಳು. ಅಂತಿಮ ವರ್ಷದಲ್ಲಿ ಪ್ರತಿಯೊಂದು ತಂಡವೂ ಒಂದು ಪ್ರಾಜೆಕ್ಟ್ ಮಾಡಿ ತೋರಿಸಬೇಕೆಂಬುದು ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯವರಿಗೆಲ್ಲ ಗೊತ್ತಿರುವ ಸಂಗತಿ. ಈ ಹುಡುಗರು ನಮ್ಮ ಧರ್ಮಕೇಂದ್ರದ ಕುಟುಂಬ ದಾಖಲೆಯನ್ನೇ ವಿಷಯವಾಗಿ ಆರಿಸಿಕೊಂಡಿದ್ದರು. ಗುರಿಕಾರರು ತಮ್ಮ ವಾಳೆಯ ಮನೆಗಳ ವಿವರಗಳನ್ನು ಮೊಬೈಲ್ ಫೋನಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ತಾವೇ ತುಂಬಬಹುದಾದ ವೆಬ್ ಅಪ್ಲಿಕೇಶನ್ ಒಂದನ್ನು ಸಿದ್ಧಪಡಿಸಿದ್ದರು. ನೋಡುವುದಕ್ಕೆ ಅಂದವಾಗಿತ್ತು. ನೀಲಿ ಬಣ್ಣದ ಪಟ್ಟಿ, ಮೇಲ್ಗಡೆ ನಮ್ಮ ಇಗರ್ಜಿಯ ಚಿತ್ರ, ಮುಟ್ಟಿದೊಡನೆ ಬಣ್ಣ ಬದಲಾಯಿಸುವ ಗುಂಡಿಗಳು. ನಾನು ಮನಸಾರೆ ಮೆಚ್ಚಿಕೊಂಡೆ.

ಅಷ್ಟರಲ್ಲಿ ಲೆಕ್ಕಪತ್ರದ ಕೆಲಸಕ್ಕೆಂದು ಒಬ್ಬ ಗುರಿಕಾರರು ಒಳಗೆ ಬಂದರು. ಹೆಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ತಮ್ಮ ವಾಳೆಯ ಪ್ರತಿಯೊಂದು ಮನೆಯ ಮೂರು ತಲೆಮಾರುಗಳ ಹೆಸರನ್ನು ಪುಸ್ತಕ ನೋಡದೆ ಹೇಳಬಲ್ಲವರು. "ನೀವೇ ಮೊದಲು ಕುಳಿತುಕೊಳ್ಳಿ, ನಿಮ್ಮ ಮನೆಯದನ್ನೇ ತುಂಬಿಸಿ" ಎಂದೆ. ಅವರು ಕನ್ನಡಕ ಸರಿಪಡಿಸಿಕೊಂಡು, ಒಂದೇ ಬೆರಳಿನಿಂದ, ಅಕ್ಷರ ಹುಡುಕಿ ಹುಡುಕಿ ತಮ್ಮ ಹೆಸರನ್ನು ಒತ್ತಿದರು. ಅವರ ಮನೆತನ ಡಿ'ಸೋಜ. ಇಂಗ್ಲಿಷಿನಲ್ಲಿ 'ಡಿ' ಅಕ್ಷರವಾದ ಮೇಲೆ ಬರುವ ಸಣ್ಣ ಅಪಾಸ್ಟ್ರಫಿ ಚಿಹ್ನೆಯನ್ನೂ ಹುಡುಕಿ ಹಾಕಿದರು. ಮುಂದಿನ ಗುಂಡಿ ಒತ್ತುತ್ತಲೇ ಚೌಕಟ್ಟು ಕೆಂಪಾಯಿತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಎರಡೇ ಪದಗಳು: 'ಇನ್‌ವ್ಯಾಲಿಡ್ ನೇಮ್'.

ಅವರು ಮತ್ತೊಮ್ಮೆ ಅಳಿಸಿ ಬರೆದರು. ಮತ್ತೆ ಕೆಂಪು. ಮೂರನೆಯ ಸಲ ಕೈ ಹಿಂದಕ್ಕೆ ತೆಗೆದು, ನನ್ನ ಕಡೆ ತಿರುಗಿ ಕೊಂಕಣಿಯಲ್ಲಿ ಮೆಲ್ಲನೆ ಹೇಳಿದರು: "ಪದ್ರಾಬ್, ನನ್ನ ಹೆಸರು ಸರಿಯಿಲ್ಲವಂತೆ."

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಎಪ್ಪತ್ತು ದಾಟಿದ ಆ ಹಿರಿಯರು ತಾವೇ ಏನೋ ತಪ್ಪು ಮಾಡಿದೆವೆಂದು ನಾಚಿಕೊಂಡಿದ್ದರು.

ನಾನು ಹುಡುಗರನ್ನು ಕೇಳಿದೆ. ತಂಡದ ಮುಖ್ಯಸ್ಥನಾಗಿದ್ದವನು ಸ್ವತಃ ಡಿ'ಸಿಲ್ವ ಮನೆತನದವನು. "ಹಾಗಾದರೆ ನಿನ್ನ ಹೆಸರನ್ನು ನೀನು ಹೇಗೆ ತುಂಬಿಸಿದೆ ಮಗೂ?" ಎಂದೆ. "ನಾನು ಆ ಚಿಹ್ನೆ ಹಾಕುವುದೇ ಇಲ್ಲ ಫಾದರ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿಯೂ ಹಾಗೆಯೇ ಬಂದಿದೆ. ಎಲ್ಲಿ ಹಾಕಿದರೂ ತೆಗೆದುಕೊಳ್ಳುವುದಿಲ್ಲ, ಅಭ್ಯಾಸವಾಗಿದೆ" ಎಂದನು. ಈ ಮಾತು ನನ್ನನ್ನು ಅನೇಕ ದಿನಗಳ ಕಾಲ ಕಾಡಿತು. ಯಂತ್ರವು ತನ್ನ ತಂದೆಯ ಹೆಸರನ್ನು ನಿರಾಕರಿಸಿದಾಗ ಅವನು ಹೆಸರನ್ನೇ ತಿದ್ದಿಕೊಂಡನು. ಮುಂದೆ ತಾನೇ ಯಂತ್ರವನ್ನು ರೂಪಿಸುವ ಅವಕಾಶ ಬಂದಾಗ ಅದೇ ನಿರಾಕರಣೆಯನ್ನು ಇನ್ನೊಬ್ಬರ ಮೇಲೆ ಹೇರಿದನು. ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ.

ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಈ ಅನುಭವ ಹೊಸದಲ್ಲ. ಡಿ'ಸೋಜ, ಡಿ'ಸಿಲ್ವ, ಡಿ'ಕುನ್ಹ, ಡಿ'ಅಲ್ಮೇಡ ಮುಂತಾದ ಹೆಸರುಗಳಲ್ಲಿರುವ ಆ ಸಣ್ಣ ಗೆರೆಯು ಪೋರ್ಚುಗೀಸಿನ 'ದೆ' ಎಂಬ ಪದ ಸಂಕ್ಷೇಪಗೊಂಡುದರ ಗುರುತು. ಕನ್ನಡದಲ್ಲಿ ಅದನ್ನು ಬಿಟ್ಟು ಬರೆದರೂ ನಡೆಯುತ್ತದೆ. ಇಂಗ್ಲಿಷ್ ದಾಖಲೆಗಳಲ್ಲಿ ಮಾತ್ರ ಅದೊಂದು ನಿತ್ಯದ ಕಾಟ. ಒಂದೇ ತಾಯಿಯ ಮೂವರು ಮಕ್ಕಳಲ್ಲಿ ಒಬ್ಬನ ಹೆಸರು ಗೆರೆಯೊಂದಿಗೆ, ಇನ್ನೊಬ್ಬನದು ಗೆರೆಯಿಲ್ಲದೆ ಕೂಡಿಕೊಂಡು, ಮೂರನೆಯವಳದು ನಡುವೆ ಖಾಲಿ ಜಾಗ ಬಿಟ್ಟು ದಾಖಲಾಗಿರುವುದನ್ನು ನಾನು ಕಂಡಿದ್ದೇನೆ. ಜ್ಞಾನಸ್ನಾನದ ಪತ್ರದಲ್ಲಿ ಒಂದು ರೀತಿ, ಆಧಾರ್ ಚೀಟಿಯಲ್ಲಿ ಇನ್ನೊಂದು ರೀತಿ, ಪಾಸ್‌ಪೋರ್ಟಿನಲ್ಲಿ ಮತ್ತೊಂದು ರೀತಿ. ಗಲ್ಫ್‌ನ ಕೆಲಸಕ್ಕೆ ಹೊರಟವರು, ತೀರಿಹೋದ ತಂದೆಯ ಬ್ಯಾಂಕಿನ ಹಣ ಪಡೆಯಬೇಕಾದವರು, 'ಇವರಿಬ್ಬರೂ ಒಬ್ಬರೇ' ಎಂಬ ಪತ್ರಕ್ಕಾಗಿ ಗುರುನಿವಾಸದ ಜಗಲಿಯಲ್ಲಿ ಕಾಯುವುದು ವಾರಕ್ಕೊಮ್ಮೆಯಾದರೂ ಇದ್ದೇ ಇದೆ.

ಇದಕ್ಕೆ ತಾಂತ್ರಿಕ ಕಾರಣವೊಂದುಂಟು. ನಾನು ಹುಡುಗರಿಂದಲೇ ಅದನ್ನು ಕೇಳಿ ತಿಳಿದುಕೊಂಡೆ. ಮಾಹಿತಿಯನ್ನು ಕಣಜದಲ್ಲಿಟ್ಟಂತೆ ಜೋಡಿಸಿಡುವ ಡೇಟಾಬೇಸಿಗೆ ಆಜ್ಞೆ ಕೊಡಲು ಎಸ್‌ಕ್ಯೂಎಲ್ ಎಂಬ ಭಾಷೆಯಿದೆ. ಆ ಭಾಷೆಯಲ್ಲಿ ಒಂದು ಹೆಸರು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಿತೆಂದು ತಿಳಿಸಲು ಬಳಸುವುದು ಇದೇ ಒಂಟಿ ಗೆರೆಯನ್ನು. ವಿದ್ಯಾರ್ಥಿಯು ಆಜ್ಞೆಯ ವಾಕ್ಯದೊಳಗೆ ಹೆಸರನ್ನು ನೇರವಾಗಿ ಹೊಲಿದುಬಿಟ್ಟರೆ, ಡಿ'ಸೋಜ ಎಂಬ ಹೆಸರು ಬಂದಾಗ 'ಡಿ' ಎಂಬಲ್ಲಿಗೇ ಹೆಸರು ಮುಗಿಯಿತೆಂದು ಡೇಟಾಬೇಸ್ ತಿಳಿಯುತ್ತದೆ. ಉಳಿದ 'ಸೋಜ'ವನ್ನು ಆಜ್ಞೆಯೆಂದು ಓದಲು ಹೋಗಿ ಮುಗ್ಗರಿಸುತ್ತದೆ. ಇದೇ ಬಿರುಕಿನ ಮೂಲಕ ಕಳ್ಳರು ಹೆಸರಿನ ಜಾಗದಲ್ಲಿ ಆಜ್ಞೆಯನ್ನೇ ತುರುಕಿ ಮಾಹಿತಿಯನ್ನು ದೋಚಬಹುದೆಂಬ ವಿಚಾರ 1998ರಷ್ಟು ಹಿಂದೆಯೇ ಬಹಿರಂಗವಾಗಿ ಚರ್ಚೆಗೆ ಬಂದಿತ್ತು. ಆಜ್ಞೆಯನ್ನು ಒಂದು ಕಡೆಯೂ ಹೆಸರನ್ನು ಇನ್ನೊಂದು ಕಡೆಯೂ ಬೇರೆಬೇರೆಯಾಗಿ ಕಳುಹಿಸುವ ವಿಧಾನವೇ ಇದಕ್ಕೆ ಸರಿಯಾದ ಪರಿಹಾರ. 'ಪ್ರಿಪೇರ್ಡ್ ಸ್ಟೇಟ್‌ಮೆಂಟ್' ಎಂದು ಅದಕ್ಕೆ ಹೆಸರು, ಕಲಿಯಲು ಒಂದು ಮಧ್ಯಾಹ್ನ ಸಾಕಂತೆ. ಆದರೆ ಸುಲಭದ ದಾರಿ ಬೇರೆಯಿದೆ. ಅದೆಂದರೆ ಆ ಚಿಹ್ನೆಯನ್ನೇ ನಿಷೇಧಿಸಿಬಿಡುವುದು! ಬಾಗಿಲು ಕಿರಿದಾಗಿದೆಯೆಂದು ಅತಿಥಿಯ ಭುಜವನ್ನು ಕೊಯ್ದಂತೆ. ಐರ್ಲೆಂಡಿನ ಓ'ಬ್ರಯನ್, ಓ'ಕಾನರ್ ಮನೆತನದವರಿಗೂ ಇದೇ ಪಾಡು ಎಂದು ಕೇಳಿ ಬಲ್ಲೆ. ಆ ಸಮಾಧಾನದಿಂದ ನಮ್ಮ ಗುರಿಕಾರರಿಗೆ ಏನೂ ಪ್ರಯೋಜನವಿಲ್ಲ.

ಬಯಲುಸೀಮೆಯ ನಮ್ಮ ಸಹೋದರರ ತೊಂದರೆ ಇದಕ್ಕೆ ವಿರುದ್ಧವಾದುದು. ಬೆಂಗಳೂರು, ಮೈಸೂರು ಭಾಗದ ಹಳೆಯ ಕ್ರೈಸ್ತ ಗ್ರಾಮಗಳಲ್ಲಿ ಚೌರಪ್ಪ, ಇನ್ನಾಸಪ್ಪ, ರಾಯಪ್ಪ, ಆರೋಗ್ಯಮ್ಮ ಎಂದು ಒಂದೇ ಹೆಸರಿನಿಂದ ಬಾಳಿ ಹೋದವರಿದ್ದಾರೆ. ಇಂದಿಗೂ ತಂದೆಯ ಹೆಸರಿನ ಮೊದಲಕ್ಷರವೊಂದನ್ನು ಮುಂದಿಟ್ಟುಕೊಂಡು ತೃಪ್ತರಾಗಿರುವವರು ಅನೇಕರು. ಅವರಿಗೆ ಪರದೆಯು 'ಮನೆತನದ ಹೆಸರು ಕಡ್ಡಾಯ' ಎನ್ನುತ್ತದೆ. ಇಲ್ಲದ ವಸ್ತುವನ್ನು ಕೊಡುವುದು ಹೇಗೆ? ಕೆಲವರು ಅದೇ ಹೆಸರನ್ನು ಎರಡು ಸಲ ಬರೆಯುತ್ತಾರೆ, ಕೆಲವರು ಒಂದು ಚುಕ್ಕೆ ಇಟ್ಟು ಪಾರಾಗುತ್ತಾರೆ. ಆ ಚುಕ್ಕೆಯು ಮುಂದೆ ಅವರ ಮೊಮ್ಮಕ್ಕಳ ದಾಖಲೆಗಳಿಗೂ ಅಂಟಿಕೊಳ್ಳುತ್ತದೆ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗರಿಗೆ ಪ್ರವೇಶವಿಲ್ಲವೆಂದಾಗ ನಮ್ಮ ರಾಜ್ಯದ ಎಷ್ಟು ಮನೆಗಳಲ್ಲಿ ಗಾಬರಿಯಾಗಿರಬಹುದೆಂದು ಊಹಿಸಿಕೊಳ್ಳಿ.

ಇನ್ನು ಹೆಸರಿನ ಮಾತು ಬಿಟ್ಟು ಇನ್ನೊಂದು ಘಟನೆಯನ್ನು ಹೇಳಬೇಕು. ನಾನು ಹಿಂದೆ ಸೇವೆ ಸಲ್ಲಿಸುತ್ತಿದ್ದ ಊರಿನಲ್ಲಿ ಬೀಡಿ ಕಟ್ಟುವ ತಾಯಿಯೊಬ್ಬರ ಮಗಳು ವಿದ್ಯಾರ್ಥಿವೇತನಕ್ಕಾಗಿ ಅಂತರ್ಜಾಲದಲ್ಲಿ ಅರ್ಜಿ ತುಂಬಿಸಿದಳು. ಎಲ್ಲ ಪುಟಗಳನ್ನೂ ತುಂಬಿ, ಕೊನೆಯಲ್ಲಿ ದೊಡ್ಡದಾಗಿ ಹಸಿರು ಬಣ್ಣದಲ್ಲಿದ್ದ 'ಸೇವ್' ಎಂಬ ಗುಂಡಿಯನ್ನು ಒತ್ತಿದಳು. 'ಯಶಸ್ವಿಯಾಗಿದೆ' ಎಂಬ ಸಂದೇಶವೂ ಬಂತು. ಹುಡುಗಿ ಸಂತೋಷದಿಂದ ಮನೆಗೆ ಹೋದಳು. ಅರ್ಜಿ ನಿಜವಾಗಿ ಸಲ್ಲಿಕೆಯಾಗಬೇಕಾದರೆ ಇನ್ನೊಂದು ಪುಟಕ್ಕೆ ಹೋಗಿ 'ಸಬ್ಮಿಟ್' ಎಂಬ ಬೇರೊಂದು ಗುಂಡಿಯನ್ನು ಒತ್ತಬೇಕಾಗಿತ್ತು ಎಂಬುದು ಅವಳಿಗೆ ತಿಳಿದದ್ದು ಕೊನೆಯ ದಿನಾಂಕ ಕಳೆದು ಎರಡು ತಿಂಗಳಾದ ಮೇಲೆ. ವಿಚಾರಿಸಿದಾಗ ಬಂದ ಉತ್ತರ: 'ಅರ್ಜಿದಾರರ ನಿರ್ಲಕ್ಷ್ಯ.' ಆ ವರ್ಷದ ಹಣ ಹೋಯಿತು. ತಾಯಿ ಸಾಲ ಮಾಡಿದರು. ಮಗಳು ಓದು ಮುಂದುವರಿಸಿದಳೆಂಬುದು ನಮ್ಮ ಪುಣ್ಯ. ಆದರೆ ಇಂದಿಗೂ ಅವಳು ಆ ಪ್ರಸಂಗವನ್ನು ಹೇಳುವಾಗ 'ನನ್ನದೇ ತಪ್ಪು ಫಾದರ್' ಎಂದೇ ಆರಂಭಿಸುತ್ತಾಳೆ.

ಅವಳದು ತಪ್ಪಲ್ಲವೆಂದು ನಾನು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ಈ ವಿಷಯದಲ್ಲಿ ನನಗಿಂತ ಚೆನ್ನಾಗಿ ಬಲ್ಲವರ ಬೆಂಬಲವೂ ನನಗಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ 1988ರಲ್ಲಿ ದಿನಬಳಕೆಯ ವಸ್ತುಗಳ ವಿನ್ಯಾಸದ ಕುರಿತು ಒಂದು ಗ್ರಂಥ ಬರೆದರು. ನೂಕಬೇಕೋ ಎಳೆಯಬೇಕೋ ತಿಳಿಯದ ಬಾಗಿಲಿನ ಮುಂದೆ ನಿಂತ ಮನುಷ್ಯನು ತನ್ನನ್ನೇ ದಡ್ಡನೆಂದುಕೊಳ್ಳುತ್ತಾನೆ, ದೋಷವಿರುವುದು ಬಾಗಿಲಿನಲ್ಲಿ, ಎಂಬುದು ಅವರ ವಾದದ ಹುರುಳು. ಮನುಷ್ಯನಿಗೂ ಯಂತ್ರಕ್ಕೂ ನಡುವೆ ಇರುವ ಈ ಬಾಗಿಲನ್ನೇ ಕಂಪ್ಯೂಟರ್ ಶಾಸ್ತ್ರದಲ್ಲಿ ಯೂಸರ್ ಇಂಟರ್‌ಫೇಸ್ ಎನ್ನುತ್ತಾರೆ. ಪರದೆಯ ಮೇಲೆ ಕಾಣುವ ಅಕ್ಷರ, ಗುಂಡಿ, ಚೌಕಟ್ಟು, ಎಚ್ಚರಿಕೆಯ ಮಾತು ಎಲ್ಲವೂ ಅದರಲ್ಲಿ ಸೇರಿವೆ.

ಬಾಗಿಲು ಕೆಟ್ಟಿದ್ದರೆ ಏನೆಲ್ಲ ಆಗಬಹುದೆಂಬುದಕ್ಕೆ ಕಂಪ್ಯೂಟರೇ ಬೇಕಿಲ್ಲ, ಕಾಗದವೂ ಸಾಕು. 2000ದ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡ ರಾಜ್ಯದ ಪಾಮ್ ಬೀಚ್ ಕೌಂಟಿಯ ಮತಪತ್ರವನ್ನು ಚಿಟ್ಟೆಯ ರೆಕ್ಕೆಗಳಂತೆ ಎರಡು ಪುಟಗಳಾಗಿ ಮಾಡಿ, ಎರಡೂ ಕಡೆ ಅಭ್ಯರ್ಥಿಗಳ ಹೆಸರು ಮುದ್ರಿಸಿ, ತೂತು ಮಾಡುವ ಜಾಗವನ್ನು ನಡುವೆ ಇಟ್ಟಿದ್ದರು. ಎಡಪುಟದಲ್ಲಿ ಎರಡನೆಯ ಹೆಸರು ಆಲ್ ಗೋರ್ ಅವರದು. ಆದರೆ ನಡುವಿನ ಎರಡನೆಯ ತೂತು ಬಲಪುಟದ ಪ್ಯಾಟ್ ಬ್ಯೂಕ್ಯಾನನ್ ಅವರಿಗೆ ಸೇರಿತ್ತು. ಆ ಕೌಂಟಿಯೊಂದರಲ್ಲೇ ಬ್ಯೂಕ್ಯಾನನ್ ಅವರಿಗೆ 3,407 ಮತಗಳು ಬಿದ್ದವು. ಇಷ್ಟು ಮತಗಳು ತಮಗೆ ಅಲ್ಲಿ ಬರತಕ್ಕವಲ್ಲವೆಂದು ಅವರೇ ಒಪ್ಪಿಕೊಂಡರು. ಇಡೀ ರಾಜ್ಯದಲ್ಲಿ ಜಾರ್ಜ್ ಬುಷ್ ಗೆದ್ದದ್ದು 537 ಮತಗಳ ಅಂತರದಿಂದ. ರಾಜ್ಯದೊಂದಿಗೆ ಅಧ್ಯಕ್ಷ ಪದವಿಯೂ ಅವರ ಪಾಲಾಯಿತು. ವಿಚಿತ್ರವೆಂದರೆ ಆ ಮತಪತ್ರವನ್ನು ಎರಡು ಪುಟಗಳಾಗಿ ಮಾಡಿದ ಅಧಿಕಾರಿಯ ಉದ್ದೇಶ ಒಳ್ಳೆಯದೇ ಆಗಿತ್ತು. ವೃದ್ಧ ಮತದಾರರಿಗೆ ಅಕ್ಷರಗಳು ದೊಡ್ಡದಾಗಿ ಕಾಣಲೆಂದೇ ಹಾಗೆ ಮಾಡಿದ್ದರು. ಯಾರ ಹಿತಕ್ಕೆಂದು ಮಾಡಿದರೋ ಅಂಥ ಕೆಲವರನ್ನು ಕೂರಿಸಿ ಮೊದಲೇ ಪರೀಕ್ಷಿಸಿದ್ದರೆ ದೋಷ ಕಣ್ಣಿಗೆ ಬೀಳುತ್ತಿತ್ತೆಂದು ನನ್ನ ನಂಬಿಕೆ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಅರಿಸ್ಟಾಟಲನ ರಾಜ್ಯಶಾಸ್ತ್ರ ಗ್ರಂಥದ ಮೂರನೆಯ ಭಾಗವನ್ನು ನಮಗೆ ಪಾಠ ಹೇಳಿದ್ದರು. ಅಲ್ಲಿ ಒಂದು ಪ್ರಶ್ನೆ ಬರುತ್ತದೆ: ಒಂದು ಕೃತಿಯ ಗುಣದೋಷವನ್ನು ನಿರ್ಣಯಿಸುವ ಅಧಿಕಾರ ಯಾರಿಗೆ? ಅದನ್ನು ಮಾಡಿದ ಪರಿಣತನಿಗೆ ಮಾತ್ರವೇ? ಅರಿಸ್ಟಾಟಲ್ ಹಾಗಲ್ಲವೆನ್ನುತ್ತಾನೆ. ಮನೆಯ ಗುಣವನ್ನು ಕಟ್ಟಿದವನಿಗಿಂತ ಅದರಲ್ಲಿ ವಾಸಿಸುವವನು ಚೆನ್ನಾಗಿ ಬಲ್ಲ. ಚುಕ್ಕಾಣಿಯ ಗುಣವನ್ನು ಬಡಗಿಗಿಂತ ನಾವಿಕನು ಬಲ್ಲ. ಊಟದ ರುಚಿಯನ್ನು ಅಡುಗೆಯವನಿಗಿಂತ ಉಂಡವನು ಬಲ್ಲ. ಅವನ ಗುರು ಪ್ಲೇಟೋ 'ಗಣರಾಜ್ಯ'ದ ಹತ್ತನೆಯ ಭಾಗದಲ್ಲಿ ಕೊಳಲನ್ನು ಉದಾಹರಿಸಿದ್ದಾನೆ. ಯಾವ ಕೊಳಲು ಒಳ್ಳೆಯದೆಂದು ನುಡಿಸುವವನು ಹೇಳಬೇಕು, ಮಾಡುವವನು ಅದನ್ನು ಕೇಳಿಕೊಳ್ಳಬೇಕು. ಅಂದು ಇದು ನನಗೆ ಪರೀಕ್ಷೆಗೆ ಬರೆಯುವ ವಿಷಯ ಮಾತ್ರವಾಗಿತ್ತು. ಹೆಂಚಿನ ಕಾರ್ಖಾನೆಯ ನಿವೃತ್ತ ಕಾರ್ಮಿಕರೊಬ್ಬರು ಲ್ಯಾಪ್‌ಟಾಪಿನ ಮುಂದೆ ನಾಚಿ ಕುಳಿತುದನ್ನು ಕಂಡ ದಿನ ಅದರ ಅರ್ಥ ಹೊಳೆಯಿತು.

ಈಗ ನಮ್ಮ ಕಾಲೇಜುಗಳಲ್ಲಿ ನಡೆಯುವುದೇನು? ಪ್ರಾಜೆಕ್ಟಿನ ಹೆಸರುಗಳನ್ನು ನೋಡಿ: ಗ್ರಂಥಾಲಯ ನಿರ್ವಹಣೆ, ಆಸ್ಪತ್ರೆ ನಿರ್ವಹಣೆ, ವಿದ್ಯಾರ್ಥಿಗಳ ಹಾಜರಿ, ಹೋಟೆಲಿನ ಊಟದ ಬೇಡಿಕೆ. ವರ್ಷದಿಂದ ವರ್ಷಕ್ಕೆ ಅವೇ. ಆಸ್ಪತ್ರೆಯ ಪ್ರಾಜೆಕ್ಟ್ ಮಾಡಿದ ತಂಡದ ಒಬ್ಬರಾದರೂ ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯ ಬಳಿ ಅರ್ಧ ಗಂಟೆ ನಿಂತು ನೋಡಿದ್ದಾರೆಯೆ ಎಂದು ನಾನು ಕೇಳಿದ್ದುಂಟು. ಉತ್ತರ ಬರುವುದಿಲ್ಲ. ವರದಿಯನ್ನು ಗಟ್ಟಿ ರಟ್ಟು ಹಾಕಿ ಬೈಂಡ್ ಮಾಡಿಸಿ, ಚಿನ್ನದ ಬಣ್ಣದ ಅಕ್ಷರ ಹಾಕಿಸುತ್ತಾರೆ. ಪರದೆಯ ಚಿತ್ರಗಳನ್ನು ಪುಟ ಪುಟವಾಗಿ ಅಂಟಿಸುತ್ತಾರೆ. ಹೊರಗಿನಿಂದ ಬಂದ ಪರೀಕ್ಷಕರು ಹತ್ತು ನಿಮಿಷ ಮೌಖಿಕ ಪರೀಕ್ಷೆ ನಡೆಸಿ, 'ಡೇಟಾಬೇಸ್ ಯಾವುದು, ಯಾವ ಭಾಷೆಯಲ್ಲಿ ಬರೆದಿರಿ' ಎಂದು ಕೇಳಿ ಅಂಕ ಕೊಟ್ಟು ಹೋಗುತ್ತಾರೆ. ಪ್ರಾಜೆಕ್ಟನ್ನು ಪ್ರದರ್ಶಿಸುವಾಗ ವಿದ್ಯಾರ್ಥಿ ತುಂಬಿಸುವ ಹೆಸರು ಯಾವುದು ಬಲ್ಲಿರಾ? 'ಎಬಿಸಿ'. ಇಲ್ಲವೇ 'ಟೆಸ್ಟ್'. ದೂರವಾಣಿ ಸಂಖ್ಯೆ ಒಂದರಿಂದ ಹತ್ತರವರೆಗೆ. ಎಬಿಸಿ ಎಂಬ ಹೆಸರಿನ ಮನುಷ್ಯನಿಗೆ ಅಪಾಸ್ಟ್ರಫಿಯಿಲ್ಲ, ವಯಸ್ಸಿಲ್ಲ, ಕಣ್ಣಿನ ಪೊರೆಯಿಲ್ಲ, ಕೈ ನಡುಕವಿಲ್ಲ. ಅವನಿಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ.

ಪ್ರಾಧ್ಯಾಪಕರನ್ನು ದೂರುವುದು ನನ್ನ ಉದ್ದೇಶವಲ್ಲ. ಒಬ್ಬೊಬ್ಬರ ತಲೆಯ ಮೇಲೂ ಹತ್ತಾರು ತಂಡಗಳ ಹೊಣೆ ಹೊರಿಸಿರುತ್ತಾರೆ. ಆದರೂ ಒಂದು ಬೇಡಿಕೆಯನ್ನು ಅವರ ಮುಂದಿಡುತ್ತೇನೆ. ಪ್ರಾಜೆಕ್ಟಿನ ಅಂಕಗಳಲ್ಲಿ ಒಂದು ಪಾಲನ್ನು, ನಾಲ್ಕನೆಯ ಒಂದು ಭಾಗವನ್ನಾದರೂ, ಅದನ್ನು ಬಳಸಬೇಕಾದವರ ಅನುಭವದ ಮೇಲೆ ಕೊಡಲಿ. ಇದಕ್ಕೆ ದೊಡ್ಡ ಏರ್ಪಾಡು ಬೇಡ. ಡೆನ್ಮಾರ್ಕಿನ ತಜ್ಞ ಯಾಕೋಬ್ ನೀಲ್ಸನ್, ಐದು ಜನರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಅವರು ಕೆಲಸ ಮಾಡುವುದನ್ನು ಬಾಯಿ ಮುಚ್ಚಿಕೊಂಡು ನೋಡಿದರೆ ಇಂಟರ್‌ಫೇಸಿನ ಬಹುಪಾಲು ದೋಷಗಳು ಬಯಲಾಗುತ್ತವೆಂದು 2000ದಲ್ಲಿಯೇ ಬರೆದಿದ್ದಾರೆ. ಐದೇ ಜನ! ಒಬ್ಬ ಅಜ್ಜಿ, ಒಬ್ಬ ರಿಕ್ಷಾ ಚಾಲಕ, ಅಂಗಡಿಯವನೊಬ್ಬ, ಎಡಗೈಯಲ್ಲಿ ಮಗುವನ್ನೆತ್ತಿಕೊಂಡ ತಾಯಿ, ಕಣ್ಣು ಕಾಣದವರೊಬ್ಬರು. ಇವರನ್ನು ಹುಡುಕಲು ನಮ್ಮ ಯಾವ ಹುಡುಗನೂ ತನ್ನ ಬೀದಿಯನ್ನು ದಾಟಬೇಕಾಗಿಲ್ಲ. ಕಷ್ಟವಿರುವುದು ಬಾಯಿ ಮುಚ್ಚಿಕೊಂಡು ನೋಡುವುದರಲ್ಲಿ. 'ಅಲ್ಲಿ ಅಲ್ಲ ಅಜ್ಜಿ, ಇಲ್ಲಿ ಒತ್ತಿ' ಎಂದು ಕೈಹಿಡಿದು ಹೇಳಿಕೊಟ್ಟರೆ ಪರೀಕ್ಷೆ ಅಲ್ಲಿಗೇ ಕೆಟ್ಟಂತೆ.

ಕನ್ನಡದ ಬಗೆಗೂ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಯೂನಿಕೋಡ್ ಲಿಪಿ ಸಂಕೇತ ವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿಯೇ, ಕನ್ನಡಕ್ಕೆ ಸ್ಥಾನ ದೊರಕಿದೆ. ಕನ್ನಡವನ್ನು ಕಂಪ್ಯೂಟರಿನಲ್ಲಿ ಸುಲಭವಾಗಿ ಬೆರಳಚ್ಚಿಸುವ ಕೀಲಿಮಣೆ ವಿನ್ಯಾಸವನ್ನು ನಾಡಿಗೆ ಕೊಟ್ಟ ಕೆ. ಪಿ. ರಾವ್ ಅವರು ನಮ್ಮ ಮಂಗಳೂರಿನ ಸಮೀಪದ ಕಿನ್ನಿಕಂಬಳದವರು. ಇಷ್ಟಾಗಿಯೂ ನಾನು ನೋಡಿದ ವಿದ್ಯಾರ್ಥಿ ಪ್ರಾಜೆಕ್ಟುಗಳಲ್ಲಿ ಕನ್ನಡದ ಒಂದು ಪದವೂ ಇರಲಿಲ್ಲ. ಕಾರಣ ಕೇಳಿದರೆ 'ಹಾಕಿದೆವು ಫಾದರ್, ಎಲ್ಲವೂ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂತು' ಎಂದರು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ ಹಳೆಯ ಆವೃತ್ತಿಗಳಲ್ಲಿ, ಬೇರೆ ಲಿಪಿ ಬೇಕೆಂದು ನಾವಾಗಿ ಹೇಳದಿದ್ದರೆ, ಪಶ್ಚಿಮ ಯುರೋಪಿನ ಅಕ್ಷರಗಳಿಗೆ ಮಾತ್ರ ಜಾಗವಿರುತ್ತಿತ್ತು. 2018ರ ಎಂಟನೆಯ ಆವೃತ್ತಿಯಿಂದ ಈ ತೊಡಕು ನಿವಾರಣೆಯಾಗಿದೆ. ಹಳೆಯ ಪಾಠವನ್ನೇ ನಕಲು ಮಾಡುತ್ತ ಬಂದವರಿಗೆ ಅದು ಗೊತ್ತಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿದ ಗುಂಡಿಯಲ್ಲಿ ಕನ್ನಡವನ್ನು ತುರುಕಿದರೆ ಕೆಳಗಿನ ಒತ್ತಕ್ಷರಗಳು ಕತ್ತರಿಸಿಹೋಗುತ್ತವೆ. 'ಪತ್ನಿ' ಎಂಬುದು 'ಪತಿ'ಯಾಗಿ ಕಾಣುವ ಪರದೆಯನ್ನು ಕುಟುಂಬ ದಾಖಲೆಗೆ ಬಳಸಿದರೆ ಏನಾದೀತು! ಗುಂಡಿಯ ಎತ್ತರವನ್ನು ತುಸು ಹೆಚ್ಚಿಸಿದರೆ ತೀರಿತು. ಆದರೆ ಒಮ್ಮೆಯಾದರೂ ಕನ್ನಡವನ್ನು ಹಾಕಿ ನೋಡಿದವನಿಗೆ ಮಾತ್ರ ಅದು ಗೊತ್ತಾಗುತ್ತದೆ.

ಬಳಸುವವರನ್ನು ಚೆನ್ನಾಗಿ ಅರಿತುಬಿಟ್ಟರೆ ಎಲ್ಲವೂ ಸರಿಹೋಗುವುದೆಂದು ನಾನು ಹೇಳುತ್ತಿಲ್ಲ. ಅದರಲ್ಲಿಯೂ ಒಂದು ಅಪಾಯವಿದೆ. ಮಗನ ಪ್ರಾಜೆಕ್ಟಿನಿಂದ ಕೋಟ್ಯಧೀಶರಾಗುವ ಕನಸು ಕಾಣುವ ತಂದೆ ತಾಯಂದಿರು ಇದನ್ನು ಗಮನಿಸಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಬಿ. ಜೆ. ಫಾಗ್ ಎಂಬ ಪ್ರಾಧ್ಯಾಪಕರು ಫೇಸ್‌ಬುಕ್ಕಿಗಾಗಿ ಅಪ್ಲಿಕೇಶನ್ ರಚಿಸುವ ತರಗತಿಯೊಂದನ್ನು ನಡೆಸಿದರು. ಇದ್ದವರು 75 ಮಂದಿ ವಿದ್ಯಾರ್ಥಿಗಳು. ಹತ್ತೇ ವಾರಗಳಲ್ಲಿ ಅವರ ಅಪ್ಲಿಕೇಶನ್‌ಗಳಿಗೆ ಒಟ್ಟು 1 ಕೋಟಿ 60 ಲಕ್ಷ ಬಳಕೆದಾರರು ದೊರಕಿದರು. ಬೆಳಿಗ್ಗೆ ಬರೆದು ಮಧ್ಯಾಹ್ನ ಬಿಟ್ಟು ಸಂಜೆ ತಿದ್ದುವ ಆ ವೇಗದಲ್ಲಿ, ಯಾವ ಗುಂಡಿಯನ್ನು ಜನರು ಹೆಚ್ಚು ಒತ್ತುತ್ತಾರೆಂಬುದನ್ನು ಅವರು ಅಳೆದು ಅಳೆದು ಕಲಿತರು. ಫಾಗ್ ಅವರ ಪ್ರಯೋಗಾಲಯದಲ್ಲಿಯೇ ಕಲಿತ ಟ್ರಿಸ್ಟನ್ ಹ್ಯಾರಿಸ್ ಮುಂದೆ ಗೂಗಲ್ ಸಂಸ್ಥೆಯಲ್ಲಿ ದುಡಿದು, ಮನುಷ್ಯನ ಗಮನವನ್ನು ಕದಿಯುವ ಈ ವಿದ್ಯೆಯ ವಿರುದ್ಧವೇ ಬಹಿರಂಗವಾಗಿ ಮಾತನಾಡತೊಡಗಿದರು.

ಬೆಸ್ತನೂ ಮೀನನ್ನು ಬಹಳ ಚೆನ್ನಾಗಿ ಬಲ್ಲ. ಟಿಕೆಟ್ ಕೊಳ್ಳುವಾಗ ಕೇಳದೆಯೇ ವಿಮೆ ಸೇರಿಸಿಬಿಡುವುದು, ಸದಸ್ಯತ್ವವನ್ನು ರದ್ದು ಮಾಡುವ ದಾರಿಯನ್ನು ಹತ್ತು ಪುಟಗಳ ಹಿಂದೆ ಅಡಗಿಸುವುದು, ಬೇಡವೆಂದವನನ್ನು ನಾಚಿಕೆಪಡಿಸುವ ಮಾತು ಬರೆಯುವುದು, ಇವೆಲ್ಲ ಬಳಸುವವರನ್ನು ಅರಿತವರೇ ಮಾಡುವ ಕೆಲಸಗಳು. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಇಂಥ 13 ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಆ ಪಟ್ಟಿಯನ್ನು ಪ್ರತಿಯೊಂದು ಪ್ರಾಜೆಕ್ಟ್ ತಂಡಕ್ಕೂ ಮೊದಲ ದಿನವೇ ಓದಲು ಕೊಡಬಾರದೇಕೆ? ಇಮಾನ್ಯುಯೆಲ್ ಕಾಂಟ್ ಮನುಷ್ಯನನ್ನು ಎಂದಿಗೂ ಕೇವಲ ಸಾಧನವಾಗಿ ಕಾಣಬೇಡವೆಂದದ್ದು ಹದಿನೆಂಟನೆಯ ಶತಮಾನದಲ್ಲಿ. ಗುಂಡಿಯೊಂದನ್ನು ಎಲ್ಲಿಡಬೇಕೆಂದು ಯೋಚಿಸುತ್ತ ಕುಳಿತ ಇಪ್ಪತ್ತು ವರ್ಷದ ಹುಡುಗನಿಗೆ ಆ ಮಾತು ಎಷ್ಟು ನೇರವಾಗಿ ಅನ್ವಯಿಸುತ್ತದೆಯೋ ಅಷ್ಟು ನೇರವಾಗಿ ಅನ್ವಯಿಸುವ ಇನ್ನೊಂದು ಸಂದರ್ಭ ನನಗೆ ಇಂದು ತೋಚುವುದಿಲ್ಲ.

ನಮ್ಮ ಹುಡುಗರ ಕಥೆಗೆ ಮರಳುತ್ತೇನೆ. ಆ ಭಾನುವಾರ ಅವರು ತುಸು ಬೇಸರದಿಂದಲೇ ಹಿಂದಿರುಗಿದರು. ಮುಂದಿನ ಭಾನುವಾರ ಮತ್ತೆ ಬಂದರು. ಹೆಸರಿನ ತೊಡಕನ್ನು ಬಗೆಹರಿಸಿದ್ದರು. ಗುರಿಕಾರರು ಈ ಸಲ ತಮ್ಮ ಹೆಸರನ್ನು ಗೆರೆಸಮೇತ ಒತ್ತಿದಾಗ ಪರದೆ ಸುಮ್ಮನೆ ಒಪ್ಪಿಕೊಂಡಿತು. ಅವರು ಮಾತನಾಡಲಿಲ್ಲ, ಹುಡುಗನ ಬೆನ್ನು ತಟ್ಟಿದರು. ಆಮೇಲೆ ಜನ್ಮದಿನಾಂಕದ ಸರದಿ. ಅವರು ಹುಟ್ಟಿದ್ದು 1950ರಲ್ಲಿ. ಪರದೆಯ ಕ್ಯಾಲೆಂಡರ್ ತೆರೆದುಕೊಂಡದ್ದು ಈ ತಿಂಗಳಿನಲ್ಲಿ, ಹಿಂದಕ್ಕೆ ಹೋಗಲು ಒಂದೇ ಬಾಣದ ಗುರುತು. ಒಂದು ಸಲ ಒತ್ತಿದರೆ ಒಂದು ತಿಂಗಳು ಹಿಂದೆ! ಅವರು ಇಪ್ಪತ್ತೈದು ಮೂವತ್ತು ಸಲ ಒತ್ತಿದ ಮೇಲೆ, ಇನ್ನು ಎಷ್ಟು ಸಲವೆಂದು ನಾನು ಲೆಕ್ಕ ಹಾಕಿ ಹೇಳಿದೆ: ಎಂಟುನೂರಕ್ಕೂ ಹೆಚ್ಚು. ಎಲ್ಲರೂ ನಕ್ಕೆವು. ಹುಡುಗರೂ ನಕ್ಕರು. ಕಳೆದ ವಾರದ ಬೇಸರ ಅಲ್ಲಿಗೆ ಕರಗಿತು. ದಿನಾಂಕವನ್ನು ಕೈಯಿಂದಲೇ ಬರೆಯುವಂತೆ ಅಲ್ಲಿಯೇ ಕುಳಿತು ಬದಲಾಯಿಸಿದರು.

ಮೂರನೆಯ ಭಾನುವಾರ ಗುರಿಕಾರರೊಂದಿಗೆ ಅವರ ಪತ್ನಿಯೂ ಬಂದಿದ್ದರು. ಕುಟುಂಬದ ಸದಸ್ಯರ ಪಟ್ಟಿ ತುಂಬುತ್ತಿತ್ತು. ಗಂಡ, ಹೆಂಡತಿ, ಮಸ್ಕತ್‌ನಲ್ಲಿರುವ ಮಗ, ಮದುವೆಯಾಗಿ ಬೇರೆ ಧರ್ಮಕೇಂದ್ರಕ್ಕೆ ಹೋದ ಮಗಳು. 'ಮುಗಿಯಿತೇ ಬಾಯಿ?' ಎಂದು ಹುಡುಗ ಕೇಳಿದ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲಿನವಳನ್ನು ಎಲ್ಲಿ ಬರೆಯುವುದು?" ಎಂದರು. ಅವರ ಮೊದಲ ಮಗು ಮೂರು ತಿಂಗಳಿಗೇ ತೀರಿಹೋಗಿತ್ತು. ಪರದೆಯಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಮೊಬೈಲ್ ಸಂಖ್ಯೆ ಕಡ್ಡಾಯ, ವಿದ್ಯಾರ್ಹತೆ ಕಡ್ಡಾಯ, ವಿವಾಹಿತರೋ ಅವಿವಾಹಿತರೋ ಎಂಬುದು ಕಡ್ಡಾಯ.

ನಾನು ಒಳಗೆ ಹೋಗಿ ಕಪಾಟಿನಿಂದ ಹಳೆಯ ಜ್ಞಾನಸ್ನಾನದ ಪುಸ್ತಕವನ್ನು ತಂದೆ. 1614ರ ರೋಮನ್ ವಿಧಿಗ್ರಂಥದ ಕಾಲದಿಂದ ಧರ್ಮಕೇಂದ್ರಗಳು ಇಟ್ಟುಕೊಂಡು ಬರಬೇಕೆಂದಿರುವ ಐದು ಪುಸ್ತಕಗಳಲ್ಲಿ ಅದೂ ಒಂದು. ಅದಕ್ಕೂ ಗೆರೆಗಳುಂಟು, ಅಂಕಣಗಳುಂಟು. ಅದೂ ಒಂದು ಇಂಟರ್‌ಫೇಸೇ ಸರಿ. ಆದರೆ ಅದರ ಪ್ರತಿಯೊಂದು ಪುಟದ ಅಂಚಿನಲ್ಲಿ ಖಾಲಿ ಜಾಗ ಬಿಟ್ಟಿರುತ್ತಾರೆ. ಮುಂದೆ ಆ ಮಗುವಿಗೆ ಮದುವೆಯಾದರೆ, ಸನ್ಯಾಸ ಸ್ವೀಕರಿಸಿದರೆ, ಅಲ್ಲಿ ಟಿಪ್ಪಣಿ ಬರೆಯಬೇಕು. ಪುಸ್ತಕವನ್ನು ರೂಪಿಸಿದವರು ಮುಂದೇನಾಗುವುದೆಂದು ತಮಗೆ ಗೊತ್ತಿಲ್ಲವೆಂಬುದನ್ನು ಬಲ್ಲವರಾಗಿದ್ದರು. ಆ ಮಗುವಿನ ಹೆಸರಿನ ಪಕ್ಕದ ಅಂಚಿನಲ್ಲಿ, ನನಗಿಂತ ಬಹಳ ಹಿಂದೆ ಇಲ್ಲಿದ್ದ ಗುರುಗಳೊಬ್ಬರ ಓರೆ ಬರವಣಿಗೆಯಲ್ಲಿ, ನೀಲಿ ಶಾಯಿಯಿಂದ, ತೀರಿಕೊಂಡ ದಿನಾಂಕವಿತ್ತು. ತಾಯಿ ಅದರ ಮೇಲೆ ಬೆರಳಿಟ್ಟು ನೋಡಿದರು.

ಹುಡುಗರು ಆ ಪುಟವನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದರು. ಆಮೇಲೆ ಡಿ'ಸಿಲ್ವ ಮನೆತನದ ಹುಡುಗ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು, "ಹೆಸರೇನು ಬಾಯಿ?" ಎಂದು ಕೇಳಿದನು.